ಡ್ರಮ್ಮಿನ ಬಾಯಿಗೆ ಕಾಗದದ ಬಳೆ

ಮಂಗಳವಾರ, ಹದಿನಾಲ್ಕು.

ನಾಳೆ ಹನ್ನೊಂದಕ್ಕೆ ನಗರಸಭೆಯಲ್ಲಿ ವಿಚಾರಣೆ. ಸೋತರೆ ಬೀದಿಯನ್ನೇ ಕೆಡವುತ್ತಾರೆ. ಅವರು ಮಾಡಿಸಿಟ್ಟ ಊರಿನ ಪುಟ್ಟ ಮಾದರಿಯಲ್ಲಂತೂ ಆಗಲೇ ನಾವಿಲ್ಲ. ನಲವತ್ತು ಮನೆಗಳ ಮೇಲೆ ಹಸಿರು ಬಳಿದು ಖಾಲಿ ಜಾಗ ಅಂದಿದ್ದಾರೆ, ಕುಂಚದ ಶೂರರು. ಅದಕ್ಕೇ ನಾವೇ ರಟ್ಟಿನಲ್ಲಿ ನಮ್ಮ ಬೀದಿಯ ಮಾದರಿ ಕಟ್ಟಿದ್ದೇವೆ. ಅದರಲ್ಲಿ ಮನೆಬಾಗಿಲಿಗೊಂದರಂತೆ ನೀರಿನ ಡ್ರಮ್ಮು ನಿಂತಿತ್ತು, ಒಂದೊಂದರ ಬಾಯಿಗೂ ಅಂಗಿಗುಂಡಿಯಷ್ಟಗಲದ ಕಾಗದದ ಬಳೆಯೊಂದೇ ಬಾಕಿ.

ಸಂಜೆ ವೃತ್ತ ಕೊಯ್ಯುವ ಕಟ್ಟರ್ ಕೈಗೆ ಬಂತು, ಕೈವಾರದಂತೆ ಒಂದು ಕಾಲಿಗೆ ಮುಳ್ಳು, ಇನ್ನೊಂದಕ್ಕೆ ಬ್ಲೇಡು. ಉತ್ಸಾಹದಲ್ಲಿ ಒಳಗಿನ ವೃತ್ತವನ್ನೇ ಮೊದಲು ಕೊಯ್ದೆ. ನಡುವಿನ ಚೂರು ಉದುರಿತು, ಹೊರಗಿನದಕ್ಕೆ ಮುಳ್ಳು ಊರಲು ಜಾಗವೇ ಇಲ್ಲ. ಹೀಗೆ ಎರಡು ಹಾಳೆ ಹಾಳು.

ಜೊತೆಗೆ ಕೂತಿದ್ದ, ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವ ಅಕ್ಕ ನಕ್ಕಳು. "ಭಾಷಣ ಮಾಡೋನ ಕೈಗೆ ಬ್ಲೇಡ್ ಕೊಟ್ರೆ ಇಷ್ಟೇ ಕಣೋ. ಹೊರಗಿಂದು ಮೊದಲು ಕೊಯ್ಯಿ, ಒಳಗಿಂದು ಆಮೇಲೆ."

ಹಾಗೇ ಮಾಡಿದೆ. ಮೊದಲ ಬಳೆ ಬೆರಳ ತುದಿಗೆ ಬಂದಾಗ ಮೈ ಜುಮ್ಮೆಂದಿತು. ಮೂವತ್ತು ವರ್ಷ ಘೋಷಣೆ ಕೂಗಿದವನು ಅದು ಹಾರಿಹೋದೀತೆಂದು ಉಸಿರು ಬಿಗಿಹಿಡಿದು ಕೂತಿದ್ದೆ.

ನಲವತ್ತೂ ಅಂಟಿಸಿಯಾಯಿತು. ಅಕ್ಕ ಕೇಳಿದಳು, "ನಾಳೆಗೆ ಭಾಷಣ ಬರೆದ್ಯಾ?"

ಬರೆದದ್ದನ್ನು ಹರಿದೆ. ಮಾದರಿ ಮುಂದಿಟ್ಟು ಒಂದೇ ಮಾತು ಕೇಳಿದರೆ ಸಾಕು: ಖಾಲಿ ಜಾಗದಲ್ಲಿ ನಲವತ್ತು ಡ್ರಮ್ಮು ನೀರು ಯಾರಿಗೆ ಸ್ವಾಮಿ? ಆಗ ವಿಚಾರಣೆ ನಡೆಸುವ ಸಾಹೇಬರ ಮುಖ ಹೇಗಾದೀತೆಂದು ನೆನೆದರೇ ನಗು ಬಂದು ನಿದ್ದೆ ಹತ್ತುತ್ತಿಲ್ಲ.