ಮಗ್ಗಿನಲ್ಲಿ ಒಡೆದ ನೀರು

ಜುಲೈ 12, ಶನಿವಾರ

ಪ್ರೀತಿಯ ಅಕ್ಕ,

ಚೆನ್ನಾಗಿದ್ದೀಯಾ? ನಿನ್ನ ಪತ್ರಕ್ಕೆ ಉತ್ತರ ಬರೆಯೋದು ತಡವಾಯಿತು ಅಂತ ಸಿಟ್ಟಾಗಬೇಡ. ಮೊದಲು ಈ ಸುದ್ದಿ ಓದು, ಆಮೇಲೆ ಬೇಕಾದಷ್ಟು ಬೈ.

ನಮ್ಮ ಶಾಲೆಯ ಹೆಡ್‌ಮೇಡಂ ತಮ್ಮ ನೆರಳು ಕಂಡರೂ ಹೆದರೋರು. ಹತ್ತನೇ ಕ್ಲಾಸಿಗೆ ನೀರಿನ ವಿದ್ಯುದ್ವಿಭಜನೆ, ಅಂದರೆ ಕರೆಂಟ್ ಹಾಯಿಸಿ ನೀರನ್ನ ಅನಿಲಗಳಾಗಿ ಒಡೆಯೋದನ್ನ, ಮಾಡಿ ತೋರಿಸ್ತೀನಿ ಅಂದದ್ದಕ್ಕೆ, "ನೀರಿಗೆ ಕರೆಂಟಾ? ಮಕ್ಕಳ ಪ್ರಾಣದ ಜೊತೆ ಚೆಲ್ಲಾಟ ಬೇಡ, ವಿಡಿಯೋ ಹಾಕಿ ಸಾಕು" ಅಂದುಬಿಟ್ಟರು. ಗೋಡೆಯ ಕರೆಂಟಲ್ಲ, ಇಷ್ಟೇ ಅಂತ ಸಣ್ಣ ಬ್ಯಾಟರಿಯನ್ನ ಅವರ ಅಂಗೈ ಮೇಲಿಟ್ಟೆ. "ಸರಿ, ನಾನೂ ಬಂದು ಕೂರ್ತೀನಿ. ಏನಾದರೂ ಹೆಚ್ಚುಕಡಿಮೆ ಆದ್ರೆ ಲ್ಯಾಬಿಗೆ ಬೀಗ" ಅಂದರು.

ನಿನ್ನೆ ಬಂದರು. ಕೂತದ್ದು ಬಾಗಿಲ ಪಕ್ಕ, ಓಡೋಕೆ ಅನುಕೂಲ ಅಂತ! ಪ್ಲಾಸ್ಟಿಕ್ ಮಗ್ಗಿನ ತಳಕ್ಕೆ ಎರಡು ಸ್ಟೀಲ್ ಸ್ಕ್ರೂ ತೂರಿಸಿ ಮೇಣ ಮೆತ್ತಿದ್ದೆ. ನೀರು ತುಂಬಿ, ಸ್ಕ್ರೂಗಳ ಮೇಲೆ ನೀರು ತುಂಬಿದ ಒಂದೊಂದು ಗಾಜಿನ ಪ್ರನಾಳ ಬೋರಲು ಹಾಕಿ, ಬ್ಯಾಟರಿ ಜೋಡಿಸಿದೆ. ಏನೂ ಆಗಲಿಲ್ಲ! ಹಿಂದಿನ ಬೆಂಚಿನವರು ಬಾಯಿಗೆ ಕೈ ಅಡ್ಡ ಹಿಡಿದರು. ಆಗ ನಾವೆಲ್ಲ 'ವಕೀಲಮ್ಮ' ಅಂತ ಕರೆಯೋ ಹುಡುಗಿ ಎದ್ದು ನಿಂತು, "ಮೇಡಂ, ಶುದ್ಧ ನೀರಲ್ಲಿ ಕರೆಂಟ್ ಸರಿಯಾಗಿ ಹರಿಯಲ್ಲ ಅಂತ ಮೊನ್ನೆ ನೀವೇ ಹೇಳಿದ್ರಿ" ಅಂತ ವಾದ ಮಂಡಿಸಿದಳು. ನೋಡಿದರೆ, ಬಟ್ಟಿ ಇಳಿಸಿದ ನೀರಿಗೆ ವಾಷಿಂಗ್ ಸೋಡಾ ಹಾಕೋದನ್ನೇ ಮರೆತಿದ್ದೆ!

ಸೋಡಾ ಕದಡಿ ಎಲ್ಲ ಮತ್ತೆ ತುಂಬಿಸಿ ಜೋಡಿಸಿದ್ದೇ ತಡ, ಗುಳ್ಳೆಗಳು ಸಾಲುಗಟ್ಟಿದವು. ಬ್ಯಾಟರಿಯ ಋಣ ತುದಿಯ ಕಡೆ ಸೇರಿದ ಅನಿಲ ಇನ್ನೊಂದು ಕಡೆಯದರ ಎರಡರಷ್ಟು.

"ಈ ಕಡೆ ಯಾಕೆ ಜಾಸ್ತಿ? ಸೋರ್ತಿದೆಯಾ?" ಅಂದಳು ವಕೀಲಮ್ಮ. ನಾನು ಎರಡೂ ಪ್ರನಾಳಗಳನ್ನ ಬೆರಳಿಟ್ಟು ತೋರಿಸಿದೆ. ತಟ್ಟನೆ ಅವಳ ಕಣ್ಣು ಅರಳಿತು. "ಎಚ್ ಟೂ ಓ! ಆ 'ಟೂ' ಇದೇನಾ ಮೇಡಂ?"

ಇದೇ ಕಣಮ್ಮ, ಎರಡು ಪಾಲು ಹೈಡ್ರೋಜನ್, ಒಂದು ಪಾಲು ಆಕ್ಸಿಜನ್ ಅಂದೆ. ವರ್ಷಗಟ್ಟಲೆ ಬಾಯಿಪಾಠ ಮಾಡಿದ್ದು ಮಗ್ಗಿನೊಳಗೆ ಎದ್ದು ಬಂದಿತ್ತು. ಮಕ್ಕಳೆಲ್ಲ ಮೇಜಿಗೆ ಮುಗಿಬಿದ್ದರು.

ಹೈಡ್ರೋಜನ್ ಪ್ರನಾಳದ ಬಾಯಿಗೆ ಉರಿಯೋ ಕಡ್ಡಿ ಹಿಡಿದರೆ ಪಟ್ ಅನ್ನಬೇಕು. ಹಿಡಿದೆ. ಹೆಡ್‌ಮೇಡಂ ಕುರ್ಚಿಯಿಂದ ಎಗರಿಬಿದ್ದರು! ನನ್ನ ಕಥೆ ಮುಗೀತು ಅಂದುಕೊಂಡೆ. ಅವರೋ ಹೊಟ್ಟೆ ಹಿಡಿದು ನಕ್ಕು, ಮೇಜಿನ ಹತ್ತಿರವೇ ಬಂದು, "ಇನ್ನೊಂದು ಸಲ ಮಾಡಿ, ಈ ಸಲ ಕಡ್ಡಿ ನಾನು ಹಿಡೀತೀನಿ" ಅಂದರು. ಲ್ಯಾಬು ಉಳೀತು ಅಕ್ಕ!

ಭಾವನಿಗೆ ನಮಸ್ಕಾರ. ಮಕ್ಕಳಿಬ್ಬರಿಗೂ ಚಿಕ್ಕಮ್ಮನ ತುಂಬು ಹಾರೈಕೆ, ಚೆನ್ನಾಗಿ ಬೆಳೆಯಲಿ, ತುಂಬ ಪ್ರಶ್ನೆ ಕೇಳಲಿ.

ನಿನ್ನ ತಂಗಿ,
ಗುಂಡು

ಮರೆತ ಮಾತು: ಮರೆತದ್ದಲ್ಲ, ಬರೆಯೋಕೆ ಧೈರ್ಯ ಸಾಲಲಿಲ್ಲ. ಆ 'ಪಟ್' ನನಗೆ ಕೇಳಿಸಲೇ ಇಲ್ಲ ಅಕ್ಕ. ಹೆಡ್‌ಮೇಡಂ ಎಗರಿದ್ದು ನೋಡಿ ಸಿಡೀತು ಅಂತ ತಿಳಿದುಕೊಂಡೆ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೂ ಮಂದವಾಗ್ತಿದೆ. ಎದುರಿಗೆ ನಿಂತವರ ತುಟಿ ನೋಡಿ ನಿಭಾಯಿಸ್ತಿದ್ದೀನಿ. ಕಿವಿಗೆ ಯಂತ್ರ ಹಾಕೋಕೆ ಮುಂದಿನ ತಿಂಗಳು ಬನ್ನಿ ಅಂದಿದ್ದಾರೆ ಡಾಕ್ಟರು. ಒಬ್ಬಳೇ ಹೋಗೋಕೆ ಭಯ. ನೀನು ಬರ್ತೀಯಾ? ಯಂತ್ರ ಹಾಕಿದ ಮೇಲೆ ಮೊದಲು ನಿನ್ನ ದನಿ ಕೇಳಬೇಕು.