ಎಡಗಡೆಯಿಂದ ಮೂರನೆಯವನು

ಲಿವೋನಿಯಾ, ಮಿಷಿಗನ್
ಮಂಗಳವಾರ, ೧೪ ಅಕ್ಟೋಬರ್ ೨೦೨೫

ಪ್ರೀತಿಯ ವಿಷ್ಣು,

ಮಂಡಿ ಹೇಗಿದೆ? ಆಪರೇಷನ್ ಆಗಿ ಎಂಟು ವಾರವಾಯಿತೆಂದೂ, ಕೋಲು ಹಿಡಿದುಕೊಂಡೇ ನಿಮ್ಮೂರಿನ ಡೆವನ್ ಅವೆನ್ಯೂವಿನ ನಿನ್ನ ಡ್ಯಾನ್ಸ್ ಕ್ಲಾಸಿನ ಮೆಟ್ಟಿಲು ಹತ್ತುತ್ತಿರುವೆಯೆಂದೂ ನಿನ್ನ ತಂಗಿ ಮೈತ್ರೇಯಿ ಹೇಳಿದಳು. ಇನ್ನು ಕೂತು ಪಾಠ ಹೇಳಬಹುದು, ವೇದಿಕೆಯ ಮೇಲೆ ಕುಣಿಯುವುದು ಮಾತ್ರ ಆಗದು ಎಂದು ಡಾಕ್ಟರು ಹೇಳಿದ್ದನ್ನೂ ಅವಳೇ ಹೇಳಿದಳು. ಮಗಳ ಬಾಯಿಂದ ಮಗನ ಸುದ್ದಿ ಕೇಳುವ ಸ್ಥಿತಿ ನಾನೇ ತಂದುಕೊಂಡದ್ದು, ಯಾರನ್ನೂ ದೂರುತ್ತಿಲ್ಲ. ಅರಿಶಿನದ ಹಾಲು ಕುಡಿಯುತ್ತಿದ್ದೀಯಾ? ಕುಡಿಯುವುದಿಲ್ಲ, ಗೊತ್ತು. ನನ್ನ ಬಿಪಿ ಹದದಲ್ಲಿದೆ. ಫೋನ್ ಮಾಡಿದರೆ ಎರಡೇ ನಿಮಿಷಕ್ಕೆ ನಾವಿಬ್ಬರೂ ಚಳಿ ಎಷ್ಟು ಡಿಗ್ರಿ ಎಂಬಲ್ಲಿಗೆ ಬಂದು ನಿಲ್ಲುತ್ತೇವೆ, ಅದಕ್ಕೇ ಈ ಕಾಗದ. ಅಮ್ಮ ಅಡುಗೆಮನೆಯಲ್ಲಿ ಕೂರಿಸಿ ಕಲಿಸಿದ ಕನ್ನಡ ಇನ್ನೂ ಉಳಿದಿದ್ದರೆ ನಿಧಾನವಾಗಿ ಓದು.

ಲೆಸ್ಟರ್ ಹೋದರು. ಪಕ್ಕದ ಮನೆಯ ನಿನ್ನ ಲೆಸ್ಟರ್. ಕಳೆದ ಬುಧವಾರ, ನಿದ್ದೆಯಲ್ಲೇ. ತೊಂಬತ್ತನಾಲ್ಕು ವರ್ಷ ಬದುಕಿದರು. ಅವರ ಗರಾಜಿನಿಂದ ಟಕಟಕ ಸದ್ದು ಬಂದಾಗಲೆಲ್ಲ ಈ ಮನುಷ್ಯ ದಿನಾ ಅದೇನು ಮೊಳೆ ಹೊಡೆಯುತ್ತಾನಪ್ಪಾ ಎಂದು ನಾನು ಗೊಣಗುತ್ತಿದ್ದೆನಲ್ಲ. ಅದು ಮೊಳೆಯಲ್ಲ, ತಳಕ್ಕೆ ಲೋಹ ಬಡಿದ ಶೂ ಹಾಕಿಕೊಂಡು ಹಲಗೆಯ ಮೇಲೆ ಅವರು ಟ್ಯಾಪ್ ಡ್ಯಾನ್ಸ್ ಮಾಡುತ್ತಾರೆ ಎಂದು ನೀನು ಹೇಳಿದ ಮೇಲೂ ನನ್ನ ಕಿವಿಗೆ ಅದು ಮೊಳೆಯೇ ಆಗಿತ್ತು. ಅಮ್ಮ ಹೋದ ಮೇಲೆ ಈ ನಾಲ್ಕು ವರ್ಷ ಅವರ ವರಾಂಡದಲ್ಲಿ ಕೂತು ಕಾಫಿ ಕುಡಿಯುತ್ತ ಆ ಮನುಷ್ಯನ ಕಥೆಯೆಲ್ಲ ಕೇಳಿದೆ. ಹಾಲಿವುಡ್ಡಿನ ಹನ್ನೊಂದು ಮ್ಯೂಸಿಕಲ್‌ಗಳಲ್ಲಿ ಕುಣಿದವರು ಕಣೋ. ಎಲ್ಲದರಲ್ಲೂ ಹೀರೋ ಹಿಂದಿನ ಸಾಲು, ಒಂದರಲ್ಲೂ ಹೆಸರು ಹಾಕಿಲ್ಲ. ಹತ್ತು ಸಿನಿಮಾದಲ್ಲಿ ಅವರ ಮೊಣಕೈ, ಟೋಪಿ, ಬೆನ್ನು, ಅಷ್ಟೇ. ೧೯೫೩ರ ಒಂದರಲ್ಲಿ ಮಾತ್ರ ಹೀರೋ ಪಕ್ಕಕ್ಕೆ ಸರಿದಾಗ ಎಡಗಡೆಯಿಂದ ಮೂರನೆಯವನ ಮುಖ ಎರಡು ಸೆಕೆಂಡ್ ಕಾಣುತ್ತದೆ. ಅವರಮ್ಮ ಡೆಟ್ರಾಯಿಟ್‌ನಲ್ಲಿ ಕಾರು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದರಂತೆ. ಆ ಎರಡು ಸೆಕೆಂಡಿಗಾಗಿ ಒಂದು ವಾರ ದಿನವೂ ಥಿಯೇಟರಿಗೆ ಹೋಗಿ, ಮುಖ ಬಂದ ಕೂಡಲೇ ಎದ್ದು ನಿಂತು, "ಅವನು ನನ್ನ ಮಗ" ಎಂದು ಅಕ್ಕಪಕ್ಕದವರಿಗೆಲ್ಲ ಹೇಳುತ್ತಿದ್ದರಂತೆ.

ಶನಿವಾರ ಅವರ ಅಂತಿಮ ದರ್ಶನಕ್ಕೆ ಫ್ಯೂನರಲ್ ಹೋಮಿಗೆ ಹೋಗಿದ್ದೆ. ನನ್ನನ್ನೂ ಸೇರಿಸಿ ಏಳು ಜನ. ಅವರ ತಂಗಿಯ ಮೊಮ್ಮಗಳು ಆ ಎರಡು ಸೆಕೆಂಡನ್ನೇ ಟಿವಿಯಲ್ಲಿ ಮತ್ತೆ ಮತ್ತೆ ಬರುವಂತೆ ಹಾಕಿಟ್ಟಿದ್ದಳು. ಇಪ್ಪತ್ತೆರಡು ವರ್ಷದವನು, ಹಣೆಯ ತುಂಬ ಬೆವರು, ಯಾರೂ ತನ್ನನ್ನು ನೋಡುವುದಿಲ್ಲ ಎಂದು ಗೊತ್ತಿದ್ದೂ ಬಾಯಿ ತುಂಬ ನಗುತ್ತಿದ್ದಾನೆ. ಅಮ್ಮ ಹೋದಾಗ ನಿನ್ನೆದುರು ಅಳದವನು ಅಲ್ಲಿ ಬಿಕ್ಕಿ ಬಿಕ್ಕಿ ಅತ್ತೆ. ಆ ಹುಡುಗಿ ಟಿಶ್ಯೂ ಡಬ್ಬಿಯನ್ನೇ ತಂದು ನನ್ನ ಮಡಿಲಲ್ಲಿಟ್ಟಳು.

ಮನೆಗೆ ಬಂದು ಗರಾಜಿನಿಂದ ಸೀದಾ ಬಚ್ಚಲಿಗೆ ಹೋಗಿ ತಲೆಗೆ ಸ್ನಾನ ಮಾಡಿದೆ. ಸಾವಿನ ಮನೆಯಿಂದ ಬಂದವನನ್ನು ಅಮ್ಮ ಹಾಗೇ ಒಳಗೆ ಬಿಡುತ್ತಿರಲಿಲ್ಲ. ಆಮೇಲೆ ಬೇಸ್‌ಮೆಂಟಿನಿಂದ ವಿಡಿಯೋ ಟೇಪುಗಳ ಡಬ್ಬ ಹೊತ್ತು ತಂದೆ. ಕನ್ನಡ ಕೂಟದ ಕ್ಯಾಮೆರಾ ಕೆಲಸವೆಲ್ಲ ಹನ್ನೆರಡು ವರ್ಷ ನನ್ನ ತಲೆಗೇ ಕಟ್ಟಿದ್ದರು. ಯಾರ ಮಗು ಏನು ಹಾಡಿದರೂ, ಮಧ್ಯೆ ಮರೆತು ನಿಂತರೂ ಬಿಡದೆ ತೆಗೆದು, ಡಿವಿಡಿ ಮಾಡಿ ಮನೆಮನೆಗೆ ಕಳಿಸುತ್ತಿದ್ದೆ. ೨೦೦೯ರ ಯುಗಾದಿ ಕಾರ್ಯಕ್ರಮದ ಡಿವಿಡಿಯಲ್ಲಿ ಮಾತ್ರ ನಿನ್ನ ಭರತನಾಟ್ಯ ಇಲ್ಲ. ನಿನಗೆ ಆಗ ಹತ್ತೊಂಬತ್ತು. ಕಾಲೇಜಿನಿಂದ ಬಂದವನು ಕಣ್ಣಿಗೆ ಕಪ್ಪು ತೀಡಿಕೊಂಡು ಮೊದಲ ಸಲ ಒಬ್ಬನೇ ವೇದಿಕೆ ಹತ್ತಿದ್ದೆ. ನಿನ್ನ ಸರದಿ ಬರುವ ಹೊತ್ತಿಗೆ ಕ್ಯಾಮೆರಾ ಬ್ಯಾಟರಿ ಹೋಯಿತು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಲೆಸ್ಟರ್ ಕೂಡ ಒಮ್ಮೆ ನಿನ್ನ ವಿಡಿಯೋ ತೋರಿಸು ಎಂದು ಕೇಳಿದಾಗ ಅದನ್ನೇ ಹೇಳಿದ್ದೆ. ಅವರು, "ಪಾಪ, ನನಗಾದರೂ ಎರಡು ಸೆಕೆಂಡ್ ಇದೆ" ಅಂದರು.

ಆ ಟೇಪನ್ನೂ ಹಾಕಿ ನೋಡಿದೆ. ಅದಿರಲಿ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೋ. ಮೈತ್ರೇಯಿ ಕಳಿಸಿದ ಚಟ್ನಿಪುಡಿ ಫ್ರಿಜ್ಜಿನಲ್ಲಿಡಬೇಡ, ಗಂಟು ಕಟ್ಟುತ್ತದೆ. ದೇವರು ನಿನ್ನ ಕಾಲಿಗೆ ಬಲ ಕೊಡಲಿ, ಎಲ್ಲಿದ್ದರೂ ಚೆನ್ನಾಗಿರು.

ಇಂತು ನಿನ್ನ ಅಪ್ಪ,
ಬದರೀನಾಥ

ತಾ.ಕ.: ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ಬ್ಯಾಟರಿ ಹೋಗಿರಲಿಲ್ಲ, ವಿಷ್ಣು. ನೀನು ವೇದಿಕೆಗೆ ಬಂದಾಗ ಹಿಂದೆ ಕೂತಿದ್ದ ನಮ್ಮ ಕೂಟದ ಶಶಿಧರ ಕಿಸಕ್ಕನೆ ನಕ್ಕ. ನನಗೆ ನಾಚಿಕೆಯಾಯಿತು. ಕ್ಯಾಮೆರಾ ಕೆಳಗಿಳಿಸಿಬಿಟ್ಟೆ. ನಿಲ್ಲಿಸಿದೆ ಎಂದುಕೊಂಡಿದ್ದೆ, ಅದು ನಿಂತಿರಲಿಲ್ಲ. ಆರು ನಿಮಿಷ ಓಡಿದೆ. ನನ್ನ ಕಂದು ಶೂ, ಕೆಂಪು ಕಾರ್ಪೆಟ್, ಮೇಲಿನಿಂದ ನಿನ್ನ ಗೆಜ್ಜೆಯ ಸದ್ದು. ವಾಪಸು ಬರುವಾಗ ಕಾರಿನಲ್ಲಿ ನಾನು ಬ್ಯಾಟರಿಯ ಸುಳ್ಳು ಹೇಳಿದೆ. ಪಕ್ಕದಲ್ಲಿದ್ದ ಅಮ್ಮನಿಗೆ ನಿಜ ಗೊತ್ತಿತ್ತು. ನಾನು ನಿನ್ನ ಕಣ್ಣಲ್ಲಿ ಚಿಕ್ಕವನಾಗಬಾರದೆಂದು ಸಾಯುವವರೆಗೂ ಬಾಯಿ ಬಿಡಲಿಲ್ಲ. ಟೇಪನ್ನು ಇದರ ಜೊತೆ ಇಟ್ಟಿದ್ದೇನೆ, ಅವಳ ದನಿಗಾಗಿಯಾದರೂ ಕೇಳು. ಮೊದಲು, "ರೀ, ವಿಷ್ಣು ಬಂದ, ಮೇಲೆತ್ರಿ" ಅನ್ನುತ್ತಾಳೆ. ಕೊನೆಯಲ್ಲಿ ಇನ್ನೊಂದು ಸಲ, ತುಂಬ ಮೆತ್ತಗೆ, "ರೀ, ಅವನು ನಿಮ್ಮನ್ನೇ ನೋಡ್ತಿದಾನೆ ಕಣ್ರೀ" ಅನ್ನುತ್ತಾಳೆ. ನಾನು ತಲೆ ಎತ್ತಲಿಲ್ಲ.