ನಿಮ್ಮ ಮುಖಪುಟದಲ್ಲಿರುವುದು ನಮ್ಮ ಊರಲ್ಲ

ಬೀದಿದೀಪ ವಿಭಾಗದ ಮುಖ್ಯಾಧಿಕಾರಿಗಳೇ,

ಹದಿನೇಳನೇ ಕಂಬದ ದೀಪಕ್ಕೆ ತಗಡಿನ ಮರೆ ಕಟ್ಟಿದವನು ನಾನು. ನಿಮ್ಮ ಲೈನ್‌ಮನ್ ಅಲ್ಲ. ಅವರಿಗೆ ಅದರ ಸುಳಿವೂ ಇರಲಿಲ್ಲ. ಹನ್ನೊಂದು ವಾರ ಈ ಮಾತನ್ನು ಗಂಟಲಲ್ಲಿಟ್ಟುಕೊಂಡು ಓಡಾಡಿದೆ. ಆ ಹನ್ನೊಂದು ವಾರವೂ ಅವರು ಅಮಾನತಾಗಿ ಮನೆಯಲ್ಲಿ ಕೂತಿದ್ದಾರೆ. ಈ ತಿಂಗಳ ಕೊನೆಗೆ ಅವರನ್ನು ಕೆಲಸದಿಂದಲೇ ತೆಗೆಯುವ ಆದೇಶಕ್ಕೆ ನೀವು ರುಜು ಹಾಕಲಿದ್ದೀರಂತೆ. ಪೆನ್ನಿನ ಮುಚ್ಚಳ ತೆಗೆಯುವ ಮುಂಚೆ ಇದನ್ನು ಓದಿ.

ನಾನು ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವನು. ತಗಡಿನ ಅಂಗಡಿಯಲ್ಲಿ ಡಬ್ಬ, ಕೊಳವೆ, ಮಳೆನೀರಿನ ದೋಣಿ ಮಾಡುತ್ತೇನೆ. ಸಂಜೆಯ ಮೇಲೆ, ಹಿತ್ತಲಿನಲ್ಲಿ ನಾನೇ ಕಟ್ಟಿಕೊಂಡ ದೂರದರ್ಶಕಕ್ಕೆ ಹಳೆಯ ಕ್ಯಾಮೆರಾ ಸಿಕ್ಕಿಸಿ, ಬರಿಗಣ್ಣಿಗೆ ಕಾಣದಷ್ಟು ಮಸುಕಾದ ನಕ್ಷತ್ರಗುಚ್ಛಗಳ ಚಿತ್ರ ತೆಗೆಯುತ್ತೇನೆ. ಒಂದು ಗುಂಡಿ ಒತ್ತಿದರೆ ಬರುವ ಚಿತ್ರವಲ್ಲ ಅದು. ಮೂರು ಮೂರು ನಿಮಿಷದ ಎಂಬತ್ತು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿದಾಗ ಒಂದು ಚಿತ್ರ ಹುಟ್ಟುತ್ತದೆ. ಅಷ್ಟು ಹೊತ್ತೂ ಕತ್ತಲೆ ಬೇಕು. ಆ ಕತ್ತಲೆಯನ್ನೇ ನೀವು ಹೋದ ವರ್ಷ ಅಭಿವೃದ್ಧಿಪಡಿಸಿಬಿಟ್ಟಿರಿ.

ನಿಮ್ಮ ಹೊಸ ಬಿಳಿ ದೀಪಗಳನ್ನು ನಾನು ತೆಗಳುವುದಿಲ್ಲ. ಪಾಳಿ ಮುಗಿಸಿ ಹೊತ್ತಲ್ಲದ ಹೊತ್ತಿನಲ್ಲಿ ನಡೆದು ಬರುವವರಿಗೆ ಬೆಳಕು ಬೇಕು. ನನ್ನ ತಾಯಿಯೂ ಅವರಲ್ಲೊಬ್ಬರು. ಆದರೆ ಬೆಳಕು ಬೇಕಾಗಿರುವುದು ಅವರ ಕಾಲ ಕೆಳಗೆ. ನಿಮ್ಮ ದೀಪ ಅರ್ಧ ಬೆಳಕನ್ನು ಮೋಡಕ್ಕೆ ಕೊಡುತ್ತದೆ, ಉಳಿದರ್ಧದಲ್ಲಿ ಒಂದು ಪಾಲನ್ನು ನಮ್ಮ ಹಿತ್ತಲಿಗೆ, ಮತ್ತೊಂದನ್ನು ಎದುರು ಮನೆಯ ಮಲಗುವ ಕೋಣೆಗೆ. ಮಿಕ್ಕಿದ್ದೇನಾದರೂ ಇದ್ದರೆ ಅದು ರಸ್ತೆಯ ಪುಣ್ಯ. ಮೋಡಗಳು ಯಾವಾಗ ನಿಮ್ಮಲ್ಲಿ ದೀಪ ಬೇಕೆಂದು ಅರ್ಜಿ ಹಾಕಿದ್ದವು?

ಅರ್ಜಿ ಹಾಕಿದ್ದು ನಾನು. ಮೊದಲ ಸಲ ನಿಮ್ಮ ಕಚೇರಿಯ ಕಿಟಕಿಯ ಮುಂದೆ ನಿಂತಾಗ ಗುಮಾಸ್ತರು ತಲೆಯೆತ್ತದೆ ಕೇಳಿದರು:

"ದೀಪ ಉರೀತಿಲ್ವಾ?"

"ಉರೀತಿದೆ ಸರ್."

"ಮತ್ತೇನಪ್ಪಾ ದೂರು?"

"ಜಾಸ್ತಿ ಉರೀತಿದೆ ಸರ್. ಮೇಲಕ್ಕೂ ಉರೀತಿದೆ. ಒಂದು ಮರೆ ಹಾಕಿಸಿ."

ಆಗ ತಲೆಯೆತ್ತಿದರು. "ಎಷ್ಟು ಓದಿದೀಯಾ?"

"ಒಂಬತ್ತನೇ ಕ್ಲಾಸು."

"ಅದಕ್ಕೇ!"

ಎರಡನೇ ಅರ್ಜಿಗೆ ಉತ್ತರವೇ ಬರಲಿಲ್ಲ. ಮನೆಯಲ್ಲಿ ಅಮ್ಮ, "ಎಲ್ಲರ ಮಕ್ಕಳೂ ಬೆಳಕು ಕೊಡಿ ಅಂತ ಕೇಳ್ತಾರೆ, ನಂದೊಂದು ಕತ್ತಲೆ ಕೊಡಿ ಅಂತ ಕೇಳತ್ತೆ" ಎಂದರು. ಇನ್ನು ಕಾಯುವುದರಲ್ಲಿ ಅರ್ಥವಿಲ್ಲವೆನಿಸಿತು. ಅಂಗಡಿಯಲ್ಲಿ ಹೊಳೆಯುವ ತಗಡು ಕತ್ತರಿಸಿ, ಬಗ್ಗಿಸಿ, ಏಳು ರಿವೆಟ್ ಹೊಡೆದು ಒಂದು ಮರೆ ಮಾಡಿದೆ. ಒಂದು ಭಾನುವಾರ ಮಟಮಟ ಮಧ್ಯಾಹ್ನ, ಬೀದಿಯೆಲ್ಲ ಉಂಡು ಮಲಗಿದ್ದಾಗ, ಪಕ್ಕದ ಮನೆಯ ಮೇಸ್ತ್ರಿಯ ಏಣಿ ತಂದು ಕಂಬ ಹತ್ತಿದೆ. ಅಂದು ಸಂಜೆಯಿಂದ ಬೆಳಕೆಲ್ಲ ರಸ್ತೆಗೇ ಬಿತ್ತು. ಬಿದ್ದ ಗುಂಡುಸೂಜಿಯನ್ನೂ ಹೆಕ್ಕಬಹುದಿತ್ತು. ಹಿತ್ತಲಿಗೆ ಕತ್ತಲೆ ವಾಪಸ್ಸು ಬಂತು. ಆ ಕತ್ತಲೆಯಲ್ಲಿ ನಾಲ್ಕು ತಾಸು ಕೂತು, ಲಕ್ಷಗಟ್ಟಲೆ ನಕ್ಷತ್ರಗಳು ಚೆಂಡಿನಂತೆ ಒತ್ತಾಗಿ ಸೇರಿದ ಒಂದು ಗುಚ್ಛದ ಚಿತ್ರ ತೆಗೆದೆ. ಅಲ್ಲಿಂದ ಬೆಳಕು ಹೊರಟು ಇಪ್ಪತ್ತೆರಡು ಸಾವಿರ ವರ್ಷಕ್ಕೂ ಮೇಲಾಯಿತು ಎನ್ನುತ್ತಾರೆ. ದಾರಿಯುದ್ದಕ್ಕೂ ಯಾರೂ ಅಡ್ಡ ಬರಲಿಲ್ಲ, ನಿಮ್ಮ ವಿಭಾಗದ ಸರಹದ್ದು ತಲುಪುವವರೆಗೆ.

ಆ ಚಿತ್ರವನ್ನು ಮೂರನೇ ಅರ್ಜಿಗೆ ಲಗತ್ತಿಸಿದೆ. 'ದೀಪಗಳಿಗೆ ಮರೆಯಿದ್ದರೆ ನಮ್ಮ ಹಿತ್ತಲಿನಿಂದ ಇಷ್ಟು ಕಾಣುತ್ತದೆ' ಎಂದಷ್ಟೇ ಬರೆದೆ. ಮರೆ ಕಟ್ಟಿದ್ದನ್ನು ಬರೆಯಲಿಲ್ಲ. ಅದು ನನ್ನ ಹೇಡಿತನ, ಒಪ್ಪುತ್ತೇನೆ.

ಆಮೇಲೆ ನಡೆದದ್ದನ್ನು ನಾನು ಕಟ್ಟಿ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ. ಅದೃಷ್ಟಕ್ಕೆ ನೀವೇ ಅಚ್ಚು ಹಾಕಿಸಿದ್ದೀರಿ. ಅರ್ಜಿ ಎಲ್ಲಿ ಹೋಯಿತೋ, ಚಿತ್ರ ಮಾತ್ರ ನಿಮ್ಮ ವಾರ್ಷಿಕ ವರದಿಯ ಮುಖಪುಟಕ್ಕೆ ಬಂತು. ಕೆಳಗೆ ಒಂದು ಸಾಲು: 'ಹೊಸ ದೀಪಗಳಿಂದ ಝಗಮಗಿಸುತ್ತಿರುವ ನಮ್ಮ ನಗರ: ವಿಮಾನದಿಂದ ಕಂಡಂತೆ.' ಬಿಡುಗಡೆಯ ಸಭೆಯಲ್ಲಿ ನಾನು ಕೊನೆಯ ಸಾಲಿನಲ್ಲಿ ನಿಂತಿದ್ದೆ. ನೀವು ಮುಖಪುಟವನ್ನು ಎತ್ತಿ ಹಿಡಿದು, ನಟ್ಟನಡುವಿನ ಬೆಳಕಿನ ಮುದ್ದೆ ತೋರಿಸಿ, "ಇದು ಮಾರುಕಟ್ಟೆ" ಎಂದಿರಿ. ಅಂಚಿನ ಬಿಡಿ ಚುಕ್ಕೆಗಳನ್ನು ತೋರಿಸಿ, "ಇವು ಹೊಸ ಬಡಾವಣೆಗಳು, ಇಲ್ಲಿಗೂ ಬೆಳಕು ಮುಟ್ಟಿಸಿದ್ದೇವೆ" ಎಂದಿರಿ. ಚಪ್ಪಾಳೆ ಬಿತ್ತು. ಸ್ವಾಮೀ, ಆ ಬಡಾವಣೆಗಳಲ್ಲಿ ಒಂದೊಂದೂ ಒಂದು ಸೂರ್ಯ. ಅವಕ್ಕೂ ಕಂಬ ನೆಟ್ಟವರು ನೀವೇ ಏನು?

ಅದೇ ವರದಿಯ ಹನ್ನೆರಡನೇ ಪುಟವನ್ನು ನೀವು ಓದಿಲ್ಲವೆಂದು ಕಾಣುತ್ತದೆ. ಬೆಳಕು ಅಳೆಯುವ ಯಂತ್ರ ಹಿಡಿದು ನಿಮ್ಮವರು ಪ್ರತಿ ಕಂಬದ ಕೆಳಗೂ ನಿಂತಿದ್ದಾರೆ. ಇಡೀ ನಗರದಲ್ಲಿ ರಸ್ತೆಗೆ ಅತಿ ಹೆಚ್ಚು ಬೆಳಕು ಬೀಳುವುದು ಹದಿನೇಳನೇ ಕಂಬದಿಂದ ಎಂದು ಬರೆದಿದ್ದಾರೆ. ಕತ್ತೆತ್ತಿ ಕಾರಣ ನೋಡುವ ವ್ಯವಧಾನ ಅವರಿಗಿರಲಿಲ್ಲ. ವರದಿ ಹೊರಬಂದ ವಾರವೇ ನಿಮ್ಮವರಲ್ಲೇ ಬೇರೊಬ್ಬರು ಕತ್ತೆತ್ತಿ ಮರೆಯನ್ನು ಕಂಡರು. 'ಇಲಾಖೆಯ ಬೆಳಕನ್ನು ಅನಧಿಕೃತವಾಗಿ ತಡೆದ' ಆರೋಪ ಲೈನ್‌ಮನ್ ತಲೆಗೆ ಬಂತು. ಕಂಬ ಅವರದು, ಇಲಾಖೆಯ ಏಣಿ ಅವರದು, ಆದ್ದರಿಂದ ತಪ್ಪೂ ಅವರದು. ಎಂಥ ಗಣಿತ! ನಾನು ಹತ್ತನೇ ತರಗತಿಗೆ ಹೋಗಿದ್ದರೆ ಇದನ್ನು ಕಲಿಸುತ್ತಿದ್ದರೇನೋ.

ಅಮಾನತಾದ ಮೂರನೇ ದಿನ ಅವರು ನೀರಿನ ತೊಟ್ಟಿಯ ಮುಚ್ಚಳ ಹಿಡಿದು ನಮ್ಮ ಅಂಗಡಿಗೆ ಬಂದರು. ಚಿಕ್ಕಂದಿನಿಂದ ನಾನವರನ್ನು ಮಾಮ ಎಂದೇ ಕರೆಯುವುದು. ಮುಚ್ಚಳಕ್ಕೆ ರಿವೆಟ್ ಹೊಡೆಯುತ್ತಿದ್ದೆ. ಎದುರಿಗೆ ಕೂತು ಅವರೆಂದರು: "ಆ ಕಳ್ಳ ಬಡ್ಡಿಮಗ ಒಂದ್ಸಲ ಕೈಗೆ ಸಿಗ್ಲಿ ಕಣೋ. ಆದ್ರೂ ಕೆಲಸಗಾರ ಅವ್ನು. ಎಂಥಾ ಗಾಳಿ ಬಂತು, ಒಂಚೂರು ಅಲ್ಲಾಡಿಲ್ಲ ನೋಡು!" ನನ್ನ ಕೆಲಸವನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ತಲೆ ಬಗ್ಗಿಸಿ ಸುತ್ತಿಗೆ ಹೊಡೆಯುತ್ತಲೇ ಇದ್ದೆ.

ಮೊನ್ನೆ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು.

"ಹತ್ತೋವಾಗ ಲೈನ್ ಆಫ್ ಆಗಿತ್ತಾ?"

"ಇಲ್ಲ ಮಾಮ. ಹಗಲಲ್ವಾ, ದೀಪ ಆರಿತ್ತು..."

ಕೆನ್ನೆಗೆ ಬಿತ್ತು. "ದೀಪ ಆರಿದ್ರೆ ತಂತಿ ಸತ್ತಿರತ್ತೇನೋ ಮುಠ್ಠಾಳ? ನಿಮ್ಮಮ್ಮಂಗೆ ನಾನೇನು ಹೇಳ್ಬೇಕಿತ್ತು?" ತಮ್ಮ ಕೆಲಸದ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಇಂಥವರನ್ನು ನೀವು ಕರ್ತವ್ಯಲೋಪವೆಂದು ತೆಗೆಯಹೊರಟಿದ್ದೀರಿ.

ನಿನ್ನೆ ನಿಮ್ಮ ಕಚೇರಿಗೇ ಬಂದು ತಪ್ಪೊಪ್ಪಿಕೊಂಡೆ. ಅದೇ ಗುಮಾಸ್ತರು. "ತಪ್ಪಿತಸ್ಥ ಆಗ್ಲೇ ಸಿಕ್ಕಿದಾನಪ್ಪಾ. ಎರಡನೇವ್ನನ್ನ ಇಟ್ಕೊಂಡು ನಾವೇನ್ ಮಾಡೋಣ?" ಎಂದು ಕಿಟಕಿ ಎಳೆದುಕೊಂಡರು. ಆದ್ದರಿಂದಲೇ ಎಲ್ಲರೂ ಓದುವ ಕಡೆ ಬರೆಯುತ್ತಿದ್ದೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಲೈನ್‌ಮನ್‌ರನ್ನು ಕೆಲಸಕ್ಕೆ ಮರಳಿ ಕರೆಯಿರಿ, ಅವರ ಮೇಲಿನ ಆರೋಪ ಸುಳ್ಳೆಂದು ಲಿಖಿತವಾಗಿ ಹೇಳಿ. ಶಿಕ್ಷೆ ಕೊಡಲೇಬೇಕೆಂದಿದ್ದರೆ ನನಗೆ ಕೊಡಿ. ಮುಖಪುಟ ತಿದ್ದುವುದು ಬಿಡುವುದು ನಿಮ್ಮ ಮರ್ಯಾದೆಗೆ ಬಿಟ್ಟದ್ದು. ರುಜು ಮಾಡಿದ ಹೇಳಿಕೆಯನ್ನೂ ಮರೆ ಕತ್ತರಿಸಿದ ಅಚ್ಚನ್ನೂ ಈ ಪತ್ರಿಕೆಯ ಕಚೇರಿಯಲ್ಲಿ ಕೊಟ್ಟಿದ್ದೇನೆ, ಹೊಸ ವಿಳಾಸವನ್ನೂ. ಬೇರೆ ಊರಿನಲ್ಲಿ, ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಓಡಿಹೋದನೆಂದು ಬರೆದುಕೊಳ್ಳಬೇಡಿ, ಕರೆದರೆ ಬರುತ್ತೇನೆ. ಎದುರೆದುರು ವಿಚಾರಿಸುವುದಿದ್ದರೆ ಇಂದು ಸಂಜೆಯವರೆಗೆ ಅಂಗಡಿಯಲ್ಲೇ ಇರುತ್ತೇನೆ. ನಾಳೆ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಡುತ್ತೇನೆ.

ಇಂತಿ,
ನಿಮಗೆ ಬೇಡವಾದ ಎರಡನೇ ತಪ್ಪಿತಸ್ಥ